ಗೋದಾ ಕೂಡಿಟ್ಟ ಆರು ತಿಂಗಳು

ಚಾಮರಾಜಪೇಟೆಯ ಗೋದಾ ಮನೆಯಲ್ಲೇ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದಳು. ಬಂದ ಹಣವನ್ನೆಲ್ಲ ಪೋಸ್ಟ್ ಆಫೀಸಿಗೆ ಕಟ್ಟಿಬಿಡುತ್ತಿದ್ದಳು. ಬೀದಿಯ ಮನೆಮನೆಗೂ ಫ್ರಿಜ್ ಬಂದರೂ ಆ ಹಣವನ್ನು ಮುಟ್ಟಲು ಬಿಡಲಿಲ್ಲ. ಗಂಡ ಶೀನಣ್ಣ ಅವಳನ್ನು ಜಿಪುಣಿ ಎಂದೇ ತಿಳಿದಿದ್ದ.

೧೯೯೮ರಲ್ಲಿ ಅವನು ಗುಮಾಸ್ತನಾಗಿದ್ದ ಕಾರ್ಖಾನೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಮನೆಗೆ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಜಗಲಿಯ ಮೇಲೆ ಕುಸಿದ. "ನಾಳೆಯಿಂದ ಯಾವ್ದಾದ್ರೂ ಅಂಗಡೀಲಿ ನಿಂತ್ಕೋತೀನಿ ಕಣೇ. ಕೊಟ್ಟಷ್ಟು ಕೊಡ್ಲಿ."

"ಯಾಕ್ರೀ ಅವಸರ?" ಎಂದಳು ಗೋದಾ. "ಆರು ತಿಂಗಳ ಬಾಡಿಗೆ, ದಿನಸಿ, ಮಗಳ ಫೀಸು, ಎಲ್ಲಾ ಪೋಸ್ಟ್ ಆಫೀಸಲ್ಲಿದೆ. ನಮ್ಮಪ್ಪನ ಕೆಲಸ ಹೋದಾಗ ಅಮ್ಮ ಪಾತ್ರೆ ಮಾರಿದ್ದು ನೋಡಿದೀನಿ. ಇಷ್ಟಾದ್ರೂ ಕೂಡಿಸ್ಲೇಬೇಕು ಅಂತ ಮದುವೆಯಾದಾಗ್ಲೇ ಅಂದ್ಕೊಂಡಿದ್ದೆ. ನೀವು ನಿಮಗೆ ತಕ್ಕ ಕೆಲಸಾನೇ ಹುಡುಕಿ."

ಶೀನಣ್ಣ ತಲೆಯೆತ್ತಿದ. ಇಷ್ಟು ವರ್ಷ ಈಕೆ ಸೂಜಿ ಹಿಡಿದು ಕೂತದ್ದು ಈ ಒಂದು ದಿನಕ್ಕಾಗಿಯೇ! ಜೊತೆಯಲ್ಲೇ ಬಾಳಿದ ಹೆಂಡತಿಯನ್ನು ಅಂದು ಮೊದಲ ಸಲ ಕಂಡವನಂತೆ ಬೆರಗಾಗಿ ನೋಡುತ್ತ ಕುಳಿತ.

ಯುಗಾದಿಯ ಹೊತ್ತಿಗೆ ಮಲ್ಲೇಶ್ವರದ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸವೇ ಸಿಕ್ಕಿತು. ಮೊದಲ ಸಂಬಳ ಬಂದ ದಿನ, ಖರ್ಚಾದದ್ದನ್ನು ಮತ್ತೆ ತುಂಬಿಸಲು ಅವನೇ ಅವಳನ್ನು ಪೋಸ್ಟ್ ಆಫೀಸಿಗೆ ಹೊರಡಿಸಿದ.