ಬೊಮ್ಮನಹಾಳಿಗೆ ಬಂದ ಪಾಪ್ಲರ್

ಒಂದು ಎಲೆಯೂ ಅಲ್ಲಾಡದ ಮಧ್ಯಾಹ್ನ ಎನ್ನುತ್ತೇವಲ್ಲ, ಅಂಥ ಮಧ್ಯಾಹ್ನದಲ್ಲೂ ಎಲೆ ಅಲ್ಲಾಡಿಸುವ ಮರವೊಂದು ಬೊಮ್ಮನಹಾಳಿನ ಕಾಲುವೆಯ ಪಕ್ಕ, ನಮ್ಮ ಭಾವನ ಗದ್ದೆಯ ಬದುವಿನ ಮೇಲಿದೆ. ಮೊದಲ ಸಲ ಕಂಡಾಗ ಅರಳಿಯೆಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿದೆ. ಭಾವ ನಕ್ಕರು. "ಅದು ಪಾಪ್ಲರ್ ಅಪ್ಪಾ, ಪಂಜಾಬಿಂದು. ಚಪ್ಪಲಿ ಹಾಕ್ಕೊ."

ಭಾವ ಮಿಲಿಟರಿಯಿಂದ ನಿವೃತ್ತರಾಗಿ ಬರುವಾಗ ಎಲ್ಲರಂತೆ ಟ್ರಂಕು, ಕಂಬಳಿ ತಂದರು. ಜೊತೆಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಕೋಲನ್ನೂ ತಂದರು. ಅದನ್ನು ನೆಲಕ್ಕೆ ಚುಚ್ಚಿದರು, ಅಷ್ಟೆ. ನಾನು ರಾಯದುರ್ಗದ ನನ್ನ ಬಟ್ಟೆ ಅಂಗಡಿಯ ಮುಂದೆ ಬೇವಿನ ಸಸಿಗೆ ಮುಳ್ಳುಬೇಲಿ ಕಟ್ಟಿ, ಮೇಕೆಗಳೊಡನೆ ಜಗಳವಾಡುತ್ತ ಕೂತಿದ್ದಾಗಲೇ ಇದು ಮನೆಯ ಎತ್ತರ ದಾಟಿತ್ತು. ಅದೂ ಪರೇಡಿಗೆ ನಿಂತವನ ಬೆನ್ನಿನಂತೆ ನೆಟ್ಟಗೆ. ಬೆಂಕಿಕಡ್ಡಿ, ಪ್ಲೈವುಡ್ಡು, ಹಣ್ಣು ತುಂಬುವ ಪೆಟ್ಟಿಗೆ ಎಲ್ಲ ಇದರಿಂದ ಆಗುತ್ತವಂತೆ. ಆಗಲಿ, ನನಗೆ ಇದರ ಎಲೆಯೇ ಇಷ್ಟ. ಅರಳಿಗೂ ಇದಕ್ಕೂ ಕುಲಗೋತ್ರದ ಸಂಬಂಧವಿಲ್ಲ, ಆದರೂ ಎಲೆಗೆ ಅದೇ ಚಪಲ. ಉದ್ದನೆಯ ಚಪ್ಪಟೆ ತೊಟ್ಟು. ಇಷ್ಟು ಗಾಳಿ ಸೋಕಿದರೆ ಸಾಕು, ಇಡೀ ಮರ ಚಪ್ಪಾಳೆ ತಟ್ಟುತ್ತದೆ. ವ್ಯಾಪಾರವಿಲ್ಲದ ದಿನ ಅಲ್ಲಿಗೆ ಹೋಗಿ ಆ ಚಪ್ಪಾಳೆಯನ್ನು ನನಗೇ ಎಂದು ಸ್ವೀಕರಿಸಿದ್ದುಂಟು.

ನಮ್ಮಕ್ಕನಿಗೆ ಮಾತ್ರ ಗಂಡನ ಈ ಮರ ಕಂಡರೆ ಆಗದು. ಅವಳ ದೂರುಗಳನ್ನು ಸುಳ್ಳೆನ್ನಲಾರೆ. ಎಷ್ಟು ನೀರಾದರೂ ಕುಡಿಯುತ್ತದೆ. ಬೇರು ತೊಟ್ಟಿಯ ಸಿಮೆಂಟನ್ನು ಬಿರಿಸಿದೆ, ನೆರಳಿನಲ್ಲಿ ಭತ್ತ ಸೊರಗುತ್ತದೆ, ಜೋರು ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಒಂಟಿ ಮರ ಕೊಳ್ಳಲು ಬಳ್ಳಾರಿಯಿಂದ ಯಾವ ವ್ಯಾಪಾರಿಯೂ ಬರುವುದಿಲ್ಲ. ಸಾಲದ್ದಕ್ಕೆ, ಪ್ರತಿ ಚಳಿಗೂ ನಾಲ್ಕೆಲೆಯಾದರೂ ಉಳಿಸಿಕೊಳ್ಳುತ್ತಿದ್ದ ಮರ ಕಳೆದ ಸಲ ಪೂರ್ತಿ ಬೋಳಾಗಿ ನಿಂತಿತು.

"ಸತ್ತೈತಿ," ಎಂದಳು ಅಕ್ಕ.

"ನಿದ್ದಿ ಮಾಡಾಕತ್ತೈತಿ. ಅಲ್ಲಿ ಎಲ್ಲಾ ಹಿಂಗ ಮಲಗ್ತಾವ," ಎಂದರು ಭಾವ.

"ನಮ್ಮೂರಾಗ ಯಾವ ಮರ ಹಿಂಗ ಮಲಗೈತ್ರಿ? ಒಲಿಗರ ಆಗ್ಲಿ."

ಮರ ಕಡಿಯುವ ಈರಣ್ಣನಿಗೆ ಅವಳು ಹೇಳಿಕಳಿಸಿಯೂ ಆಯಿತು. ಅವತ್ತು ಭಾವ ಸರಿಯಾಗಿ ಊಟ ಮಾಡಲಿಲ್ಲ. ದೂರದ ಊರುಗಳಲ್ಲಿ ಸವೆಸಿದ ವಯಸ್ಸಿಗೆಲ್ಲ ಅವರ ಬಳಿ ಉಳಿದಿದ್ದ ಜೀವಂತ ಗುರುತು ಅದೊಂದೇ. ನನಗೂ ಸಂಕಟವಾಯಿತು, ರಾತ್ರಿ ಅಲ್ಲೇ ಉಳಿದೆ.

ಮರುದಿನ ಬೆಳಿಗ್ಗೆ ಕೊಡಲಿ ಹಿಡಿದು ಬಂದ ಈರಣ್ಣ ಮರದ ಬುಡದಲ್ಲಿ ನಿಂತುಬಿಟ್ಟ. ಕಾಂಡಕ್ಕೆ ಅರಿಶಿನ, ಕುಂಕುಮ. ಸುತ್ತ ಹಳದಿ ದಾರ. ಕೆಳಗೆ ಉದುರಿದ್ದ ಎಲೆಗಳೂ ನೋಡಲು ಹೆಚ್ಚುಕಡಿಮೆ ಅರಳಿಯ ಎಲೆಗಳೇ.

"ಪೂಜಿ ಆದ ಮರಕ್ಕ ನಾ ಕೊಡ್ಲಿ ಹಾಕಂಗಿಲ್ರಿ, ಅಮ್ಮಾ."

ಅಕ್ಕ ಬಗ್ಗಿ ನೋಡಿದಳು. ನಾನೂ ನೋಡಿದೆ. ಅದು ದಾರವಲ್ಲ, ಅರಿಶಿನ ಹಚ್ಚಿದ ಬೂಟಿನ ಲೇಸು. ನೇಮಕಲ್ಲಿನ ಆಂಜನೇಯನಿಗೂ ಒಂದು ಕಾಯಿ ಒಡೆಸದ ಭಾವ, ಆಚೆ ನಿಂತು ಕಾಲುವೆಯ ನೀರನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು.

"ಚಾ ಕುಡದು ಹೋಗು, ಈರಣ್ಣ," ಎಂದಳು ಅಕ್ಕ.

ಯುಗಾದಿಗೆ ಮೊದಲೇ ಮರ ಚಿಗುರಿತು. ಈಗ ಶನಿವಾರ ಓಣಿಯ ಹೆಂಗಸರು ಅದಕ್ಕೆ ಸುತ್ತು ಬರುತ್ತಾರೆ. ಪಂಜಾಬಿನದೆಂದು ಅವರಿಗೆ ಯಾರೂ ಹೇಳಿಲ್ಲ. ತೊಟ್ಟಿ ಇನ್ನೂ ಸೋರುತ್ತಿದೆ. ಹೋದ ವಾರ ಹೋದಾಗ ಅಕ್ಕ ಮಾಸಿದ ಆ ಲೇಸನ್ನು ಬಿಚ್ಚಿ, ಒಗೆದು, ಹೊಸದಾಗಿ ಅರಿಶಿನ ಹಚ್ಚಿ, ಮತ್ತೆ ಅದನ್ನೇ ಮರಕ್ಕೆ ಕಟ್ಟುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಕೈಮುಗಿದೆ. ಈ ಸಲ ಭಾವ ನಗಲಿಲ್ಲ.