ಕೇರಾಫ್ ಭೂಮಿ

ಹೆಸರು, ಅಪ್ಪನ ಹೆಸರು, ಊರು ಇಷ್ಟು ಬರೆದರೆ ಸಾಕು, ಕಾಗದ ಮನೆ ಹುಡುಕಿಕೊಂಡು ಬರುತ್ತಿದ್ದ ತೊಂಬತ್ತರ ದಶಕದ ಮಾತು. ಚಿನಕುರಳಿ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನೂ ನನ್ನ ಗೆಳತಿ ಸಾವಿತ್ರಿಯೂ ಏಳನೇ ಕ್ಲಾಸು. ಆಲೆಮನೆಯ ಬೆಲ್ಲದ ವಾಸನೆ ಕ್ಲಾಸಿನೊಳಕ್ಕೇ ಬರುತ್ತಿದ್ದ ದಿನಗಳಲ್ಲಿ, ಪಾಂಡವಪುರದಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇದೆಯೆಂದು ಮೇಷ್ಟ್ರು ಹೇಳಿದರು.

"ಎಲ್ರೂವೆ ಜ್ವಾಲಾಮುಖಿ ಮಾಡ್ಕಂಡ್ ಬತ್ತಾರೆ. ನಾವು ಚಂದ್ರಂಗೆ ಅಡ್ರೆಸ್ ಮಾಡವ ಕಣಮ್ಮಿ" ಎಂದಳು ಸಾವಿತ್ರಿ. "ನಾಳೆ ಜನ ಅಲ್ಲೋಗಿ ಮನೆ ಕಟ್ಕಂಡ್ರೆ ಕಾಗ್ದ ಎಂಗೋಯ್ತದೆ?"

ಅವಳ ಅಪ್ಪ ಶಿವಣ್ಣ ಕಲ್ಲುಕ್ವಾರಿಯಿಂದ ಕಲ್ಲು ಸಾಗಿಸುವ ಟ್ರಾಕ್ಟರಿನ ಡ್ರೈವರು. ಹೈಸ್ಕೂಲಿಗೆ ಚಿನಕುರಳಿಗೆ ನಡೆಯಬೇಕು, ಹೆಣ್ಣುಮಗಳಿಗೆ ಏಳು ಓದಿದ್ದು ಸಾಕು ಎಂದು ಆಗಲೇ ಹೇಳಿಬಿಟ್ಟಿದ್ದರು. ಅವಳ ಪಾಲಿಗೆ ಶಾಲೆಯ ಕೊನೆಯ ವರ್ಷ ಅದು.

ಚಂದ್ರನನ್ನು ಮಾಡಲು ಹುಲ್ಲನ್ನು ದೊಡ್ಡ ಉಂಡೆಯಾಗಿ ಸುತ್ತಿ, ಮೇಲೆ ಗೋಣಿಚೀಲ ಹೊಲಿದು, ಕೆರೆಯ ಜೇಡಿಮಣ್ಣು ಮೆತ್ತಿ ಸುಣ್ಣ ಬಳಿದೆವು. ಚೊಂಬಿನ ತಳ ಒತ್ತಿದರೆ ದೊಡ್ಡ ಗುಂಡಿ, ಹೆಬ್ಬೆರಳು ಒತ್ತಿದರೆ ಸಣ್ಣ ಗುಂಡಿ. ಕ್ವಾರಿಯ ಒಂದೊಂದು ಗುಂಡಿಗೂ ಊರಿನವರು ಹೆಸರಿಟ್ಟಿದ್ದ ಹಾಗೆ ನಾವೂ ಹೆಸರಿಟ್ಟೆವು. ವಿಳಾಸಕ್ಕೆಂದು ಒಂದು ಪಟ ಬರೆದು, ಸೂರ್ಯನಿಂದ ಎಣಿಸಿ ಗ್ರಹಗಳಿಗೆಲ್ಲ ಮನೆ ನಂಬರು ಕೊಟ್ಟೆವು. ಚಂದ್ರ ಗ್ರಹವಲ್ಲ, ಅವನನ್ನೆಲ್ಲಿ ಸೇರಿಸುವುದು ಎಂದು ಒಂದು ಸಂಜೆಯಿಡೀ ಜಗಳವಾಡಿದೆವು. ಹುಚ್ಚೆಳ್ಳು ಚಟ್ನಿ ಹಚ್ಚಿದ ರೊಟ್ಟಿ ತಂದುಕೊಟ್ಟ ಸಾವಿತ್ರಿಯ ಅವ್ವ, "ಭೂಮಿ ಮನೇಲಿರೋನು ತಾನೆ? ಅಂಗೇ ಬರ್ಕಳ್ರವ್ವ" ಎಂದರು. 'ಚಂದ್ರ, ಕೇರಾಫ್ ಭೂಮಿ' ಎಂದು ಬರೆದೆವು.

ಬಸ್ಸಿನಲ್ಲಿ ಚಂದ್ರನಿಗೆ ಜಾಗವಿರಲಿಲ್ಲ. ಶಿವಣ್ಣನೇ ಗೊಣಗುತ್ತಾ ಟ್ರಾಕ್ಟರು ತಂದರು. ಟ್ರೈಲರಿನಲ್ಲಿ ಹುಲ್ಲಿನ ಮೇಲೆ ಕೂತು ನಾವಿಬ್ಬರೂ ಚಂದ್ರನನ್ನು ತಬ್ಬಿ ಹಿಡಿದೆವು. ಇಳಿದಾಗ ಲಂಗದ ತುಂಬ ಸುಣ್ಣ.

ಪ್ರದರ್ಶನದಲ್ಲಿ ತೀರ್ಪುಗಾರರಾಗಿ ಬಂದಿದ್ದ ಕಾಲೇಜು ಮೇಷ್ಟ್ರೊಬ್ಬರು ನಮ್ಮ ಪಟವನ್ನೆಲ್ಲ ಓದಿದರು. "ಗ್ರಹಗಳು ಒಂದು ಕಡೆ ನಿಲ್ಲಲ್ವಲ್ಲಮ್ಮ. ಇವತ್ತು ಇಲ್ಲಿರೋ ಶನಿ ಮುಂದಿನ ವರ್ಷ ಇನ್ನೆಲ್ಲೋ ಇರ್ತಾನೆ. ನಿಮ್ಮ ವಿಳಾಸ ಸುಳ್ಳಾಗಲ್ವಾ?" ಎಂದು ಕೇಳಿದರು.

ನಾನು ಸಾವಿತ್ರಿಯ ಕಡೆ ನೋಡಿದೆ. ಅವಳು ತಲೆ ಎತ್ತಿ ಹೇಳಿದಳು: "ಭೂಮಿನೂ ಸುತ್ತುತಾನೇ ಅದೆಯಲ್ಲ ಸಾ. ಆದ್ರೂ ನಮ್ಮೂರ್ಗೆ ಕಾಗ್ದ ಬತ್ತಾ ಇಲ್ವಾ?"

ಅಂಕ ಬರೆದುಕೊಳ್ಳುತ್ತಿದ್ದ ಅವರು ಪೆನ್ನು ನಿಲ್ಲಿಸಿದರು. ಆಮೇಲೆ ನಗುತ್ತಾ, "ಇದನ್ನ ಜೋರಾಗಿ ಇನ್ನೊಂದ್ಸಲ ಹೇಳಮ್ಮ, ಎಲ್ಲರೂ ಕೇಳಲಿ" ಎಂದರು. ಅವಳು ಹೇಳಿದಳು. ಬಾಗಿಲ ಬಳಿ ನಿಂತಿದ್ದ ಶಿವಣ್ಣ ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ನಮಗೆ ಬಂದದ್ದು ಎರಡನೇ ಬಹುಮಾನ. ಮೊದಲನೆಯದು ಜ್ವಾಲಾಮುಖಿಗೇ ಹೋಯಿತು. ಊರಿಗೆ ಬಂದು ಟ್ರಾಕ್ಟರು ನಿಲ್ಲಿಸಿದ ಶಿವಣ್ಣ ನನ್ನ ಅಪ್ಪನಿಗೆ ಹೇಳಿದರು: "ಇವೆರಡೂ ಜೊತೇಲೇ ಹೈಸ್ಕೂಲ್ಗೋಗ್ಲಿ ಬುಡಣ್ಣ. ನನ್ ಮಗ್ಳು ದೊಡ್ಡ್ ಮೇಷ್ಟ್ರುನ್ನೇ ನಿಲ್ಲಿಸ್ಬುಟ್ಲು." ಸಾವಿತ್ರಿ ಚಂದ್ರನ ಹಿಂದೆ ಮುಖ ಮರೆಸಿಕೊಂಡು ಅತ್ತಳು.

ಅವಳೀಗ ಕೆ.ಆರ್. ಪೇಟೆಯಲ್ಲಿ ಸರ್ವೇಯರು. ಅಣ್ಣತಮ್ಮಂದಿರು ಹೊಡೆದಾಡುವ ಬದುವಿನ ಮೇಲೆ ನಿಂತು ಜಮೀನು ಅಳೆದುಕೊಡುತ್ತಾಳೆ. ಅವಳ ಹೆಸರು ಕೇಳಿದಾಗಲೆಲ್ಲ ನನಗೆ ಎದೆಯುಬ್ಬುತ್ತದೆ. ಅವಳು ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ವಾರಕ್ಕೊಂದು ಇನ್‌ಲ್ಯಾಂಡ್ ಕಾಗದ ಬರುತ್ತಿತ್ತು. ಅಂಚು ಬಿಡದೆ ಬರೆದು, ಮಡಚುವ ಜಾಗದಲ್ಲೂ ಮಾತು ತುರುಕುತ್ತಿದ್ದಳು. ಕೈಗೆ ಫೋನು ಬಂದ ಮೇಲೆ ಹಬ್ಬಕ್ಕೊಂದು ಹೂವಿನ ಚಿತ್ರ ಕಳಿಸುತ್ತಾಳೆ, ನಾನೂ ಒಂದು ಕಳಿಸುತ್ತೇನೆ. ಶನಿಗ್ರಹಕ್ಕೂ ಕಾಗದ ಮುಟ್ಟಿಸಲು ಹೊರಟವರು ನಾವು. ಕೆ.ಆರ್. ಪೇಟೆಯಿಂದ ಪಾಂಡವಪುರದ ನನ್ನ ಮನೆಗೆ ಅವಳ ಅಕ್ಷರ ಬಂದು ಎಷ್ಟೋ ವರ್ಷಗಳಾದವು.