ಜಾವಾದ ರುಚಿ ಅರೆಯುವ ದಸ್ತಗಿರಮ್ಮ

ಆದೋನಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಕಾರ್ಖಾನೆಗಳ ಮೊದಲ ಸೀಟಿ ಇನ್ನೂ ಕೂಗಿಲ್ಲ. ರೈಲು ನಿಲ್ದಾಣದಿಂದ ಜಿನ್ನುಗಳ ಕಡೆಗೆ ಹೋಗುವ ಬೀದಿಯಲ್ಲಿ, ಒಂದು ತಗಡಿನ ಖಾನಾವಳಿಯ ಹೊರಗೆ, ದಾರಿಯ ಅಂಚಿನಲ್ಲೇ ಒರಳುಕಲ್ಲು ಇದೆ. ಅದರ ಮುಂದೆ ಕುಳಿತ ದಸ್ತಗಿರಮ್ಮ ಹುರಿದ ಶೇಂಗಾ ಅರೆಯುತ್ತಿದ್ದಾರೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲ ಎಲ್ಲವೂ ಸರದಿಯಲ್ಲಿ ಒರಳಿಗೆ ಬೀಳುತ್ತವೆ. ಹಾಕುವ ಮೊದಲು ಪ್ರತಿಯೊಂದನ್ನೂ ಕೈಯೆತ್ತಿ ಬೀದಿಗೆ ತೋರಿಸುತ್ತಾರೆ. ಈ ಹೊತ್ತಿನಲ್ಲಿ ನೋಡಲು ಇರುವವರು ಇಬ್ಬರೇ: ನಾನು, ಮತ್ತು ಗೋಡೆಗೆ ಒರಗಿ ನಿಂತಿರುವ ಅವರ ಗಂಡ ನರಸಣ್ಣ.

"ಯಾರೂ ಇಲ್ಲದಿದ್ರೂ ತೋರಿಸ್ತೀನ್ರಿ. ಕೈಗೆ ರೂಢಿ ಆಗೇತಿ," ಎನ್ನುತ್ತಾರೆ ನಗುತ್ತ.

ಅರೆಯುತ್ತಿರುವುದು ನಮ್ಮ ಶೇಂಗಾ ಚಟ್ನಿಯಲ್ಲ. ಇದು ಇಂಡೋನೇಷ್ಯಾ ದೇಶದ ಜಾವಾ ದ್ವೀಪದ ಅಡುಗೆ. ಬೇಯಿಸಿದ ತರಕಾರಿಯ ಮೇಲೆ ಶೇಂಗಾ ಗೊಜ್ಜು ಸುರಿದು ಕೊಡುವ ಇದಕ್ಕೆ ಅಲ್ಲಿಯವರು 'ಗಾಡೊಗಾಡೊ' ಎನ್ನುತ್ತಾರಂತೆ. ಆದೋನಿಯ ಕೂಲಿಕಾರರು ಅದನ್ನು 'ಗಡಗಡ' ಮಾಡಿಕೊಂಡಿದ್ದಾರೆ. ದಸ್ತಗಿರಮ್ಮ ಜಾವಾ ನೋಡಿದವರಲ್ಲ. ಪೂರ್ವಕ್ಕೆ ಕರ್ನೂಲು, ಉತ್ತರಕ್ಕೆ ರಾಯಚೂರು, ಅಷ್ಟೇ ಅವರು ಕಂಡ ಲೋಕ.

ನೋಡಿ ಬಂದವರು ನರಸಣ್ಣ. ನಂದವರಂನ ಈ ಮನುಷ್ಯ ಮಿಲಿಟರಿಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಎರಡನೆಯ ಮಹಾಯುದ್ಧ ಮುಗಿದ ವರ್ಷ ಅವರ ತುಕಡಿಯನ್ನು ಜಾವಾಕ್ಕೆ ಕಳಿಸಿದರು. ಕ್ಯಾಂಪಿನ ಬೇಲಿಯಾಚೆ ಒಬ್ಬ ಮುದುಕಿ ಇದನ್ನು ಮಾಡಿ ಮಾರುತ್ತಿದ್ದಳು. ದಿನವೂ ಅವಳ ಮುಂದೆ ಕುಳಿತು ತಿಂದರು. ಅಲ್ಲಿಯೇ ಒಂದು ಲಾರಿ ಮಗುಚಿ ಬಲತೋಳು ಜಜ್ಜಿಹೋಯಿತು. ಹಿಂದಿರುಗಿ ಬಂದಾಗ ಸೌಟು ಹಿಡಿಯಲೂ ಆಗುತ್ತಿರಲಿಲ್ಲ.

"ಬಂದು ಆರು ತಿಂಗಳು ಸರಿಯಾಗಿ ಉಣಲಿಲ್ರಿ. ಏನ್ ಮಾಡಿಟ್ರೂ ಜಾವಾದ ಮಾತು. ನನಗ ಸಿಟ್ಟು ಬಂತು. ಹೇಳು, ಅದೇನೈತೋ ನಾನೇ ಮಾಡ್ತೀನಿ ಅಂದೆ," ಎಂದು ದಸ್ತಗಿರಮ್ಮ ನೆನೆಸಿಕೊಳ್ಳುತ್ತಾರೆ.

ಹೇಳುವುದು ಸುಲಭವಿರಲಿಲ್ಲ. ಶೇಂಗಾ, ಹುಣಸೆ, ಬೆಲ್ಲ ಎಲ್ಲ ಕೂಡಿದ ಮೇಲೂ ನರಸಣ್ಣ ತಲೆ ಅಲ್ಲಾಡಿಸುತ್ತಿದ್ದರು. ಯಾವುದೋ ಎಲೆಯ ವಾಸನೆ ಬರಬೇಕು, ಯಾವುದೆಂದು ಅವರಿಗೆ ಗೊತ್ತಿಲ್ಲ. ಕರಿಬೇವು ಆಯಿತು, ಪುದೀನ ಆಯಿತು, ಕೊತ್ತಂಬರಿ ಆಯಿತು. ಒಂದು ವರ್ಷ ಕಳೆದ ಮೇಲೆ ಒಂದು ದಿನ ದಸ್ತಗಿರಮ್ಮ ಪಕ್ಕದ ಹಿತ್ತಲಿನ ನಿಂಬೆಗಿಡದ ಎರಡು ಎಳೆ ಎಲೆ ಕಿತ್ತು ಒರಳಿಗೆ ಹಾಕಿದರು. ನರಸಣ್ಣ ಒಂದು ಬೆರಳು ನೆಕ್ಕಿದರು. ತಟ್ಟೆ ಎಳೆದುಕೊಂಡು ಎಡಗೈಯಿಂದ ಉಣ್ಣತೊಡಗಿದರು.

"ಇದ ಅಂತ ಅಂದಿಲ್ರಿ ಇವ್ರು. ಎರಡನೇ ಸಲ ಕೇಳಿದ್ರು, ಅಷ್ಟ. ನನಗ ತಿಳೀತು."

ತಾವು ನಡೆಸುತ್ತಿದ್ದ ನಾಲ್ಕು ಬೆಂಚಿನ ಖಾನಾವಳಿಯಲ್ಲಿ ಅನ್ನ, ಸಾರು, ಜೋಳದ ರೊಟ್ಟಿಯ ಜೊತೆಗೆ ಶುಕ್ರವಾರಕ್ಕೊಮ್ಮೆ ಗಡಗಡವನ್ನೂ ಇಟ್ಟರು. ಕೆಲವರು ರುಚಿ ನೋಡತೊಡಗಿದ್ದರು, ಅಷ್ಟರಲ್ಲಿ ನರಸಣ್ಣನ ಬಾಯಿಯೇ ಮುಳುವಾಯಿತು. ಚಹಾದಂಗಡಿಯಲ್ಲಿ ಕುಳಿತು, ಜಾವಾದಲ್ಲಿ ಇದಕ್ಕೆ ಒಣಸೀಗಡಿಯನ್ನೂ ಅರೆದು ಹಾಕುತ್ತಾರೆ ಎಂದುಬಿಟ್ಟರು. ಇಲ್ಲಿ ಹಾಕುವುದಿಲ್ಲ ಎಂದದ್ದು ಯಾರಿಗೂ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಸೀಗಡಿ ಕಪ್ಪೆಯಾಯಿತು, ಮರುದಿನ ಹಾವಾಯಿತು. ಹನ್ನೊಂದು ದಿನ ಬೆಂಚುಗಳು ಖಾಲಿ. ಅನ್ನ ಸಾರಿಗೂ ಗಿರಾಕಿ ಇಲ್ಲ.

ಜಾಗದ ಮಾಲೀಕರು ಹತ್ತಿ ವ್ಯಾಪಾರಿ ಗುರುಪಾದಯ್ಯನವರು. ಹೊರಗೆ ನೀರನ್ನೂ ಮುಟ್ಟದ ಮಡಿವಂತರು. ಬಾಗಿಲಲ್ಲೇ ನಿಂತು ಹೇಳಿದರು: "ಏ ಅವ್ವಾ, ನನ್ನ ಜಾಗದಾಗ ಹಾವು ಕಪ್ಪಿ ಬ್ಯಾಡ. ಆ ಜಾವಾ ಬಿಡು, ಇಲ್ಲಾ ಜಾಗ ಬಿಡು."

"ಎರಡೂ ಬಿಡಂಗಿಲ್ರಿ ಸ್ವಾಮಿ. ಹದಿನೈದು ದಿನ ಕೊಡ್ರಿ. ಅಷ್ಟರಾಗ ಮಂದಿ ಬರಲಿಲ್ಲಂದ್ರ ನಾನ ಕೀಲಿ ಕೊಡ್ತೀನಿ," ಎಂದರು ದಸ್ತಗಿರಮ್ಮ.

ಮರುದಿನ ನಸುಕಿನಲ್ಲಿ ನಾಲ್ವರು ಹಮಾಲರನ್ನು ಕರೆಸಿ ಒರಳುಕಲ್ಲನ್ನು ಒಳಗಿನಿಂದ ಬೀದಿಗೆ ತಂದು ಹಾಕಿಸಿದರು. ಒಲೆಯೂ ಹೊರಗೇ ಬಂತು. ಆಗಲೇ ಶುರುವಾದದ್ದು ಕೈಯೆತ್ತಿ ತೋರಿಸುವುದು. ಇದು ಶೇಂಗಾ, ನೋಡ್ರಿ. ಇದು ಬೆಲ್ಲ, ನೋಡ್ರಿ. ಶುಕ್ರವಾರವಷ್ಟೇ ಮಾಡುತ್ತಿದ್ದುದನ್ನು ಹಟಕ್ಕೆ ಬಿದ್ದು ದಿನವೂ ಮಾಡಿದರು. ಜನ ನೋಡುತ್ತಿದ್ದರು, ನಗುತ್ತಿದ್ದರು, ಹೋಗುತ್ತಿದ್ದರು. ಮಾಡಿದ್ದನ್ನು ಗಂಡ ಹೆಂಡತಿ ಇಬ್ಬರೇ ಮೂರು ಹೊತ್ತೂ ಉಂಡರು.

ಒಂಬತ್ತನೆಯ ದಿನ ಜಿನ್ನಿನಲ್ಲಿ ಹತ್ತಿ ಹಸನು ಮಾಡುವ ಮೂಕಮ್ಮ ಒರಳಿನ ಮುಂದೆ ಬುತ್ತಿ ಕೆಳಗಿಟ್ಟು ಕುಳಿತರು. "ಹಾಕವ್ವಾ. ಇಪ್ಪತ್ತು ವರ್ಷ ಹತ್ತಿ ಧೂಳು ತಿಂದು ಸಾಯಲಿಲ್ಲ ನಾನು, ಶೇಂಗಾ ತಿಂದು ಸಾಯ್ತೀನೇನು?"

ಬೀದಿಯಲ್ಲಿದ್ದವರೆಲ್ಲ ನಿಂತು ನೋಡಿದರು. ದಸ್ತಗಿರಮ್ಮ ಎಲೆಯಾಚೆ ಚೆಲ್ಲುವಷ್ಟು ಗೊಜ್ಜು ಸುರಿದರಂತೆ. ಮೂಕಮ್ಮ ಎಲೆ ಬಳಿದು, ಬೆರಳು ನೆಕ್ಕಿ, ತಿರುಗಿ ನೋಡಿದರು. "ಚಾಲಾ ಬಾಗುಂದಿ! ಭಾಳ ಚಲೋ ಐತಿ! ಏನ್ ನೋಡ್ತೀರಿ, ಬರ್ರಿ!"

ಅಂದು ಬಂದವರು ಮೂವರು. ಹದಿನೈದನೆಯ ದಿನ ಗುರುಪಾದಯ್ಯನವರು ಬಂದಾಗ ಬೆಂಚು ಸಾಲದೆ ಹೆಂಗಸರು ನೆಲದ ಮೇಲೆ ಕುಳಿತಿದ್ದರು. ಒರಳಿನ ಹತ್ತಿರ ಬಹಳ ಹೊತ್ತು ನಿಂತು ನೋಡಿದರು. ಉಣ್ಣಲಿಲ್ಲ, ಕೀಲಿಯನ್ನೂ ಕೇಳಲಿಲ್ಲ. "ಬೆಲ್ಲ ಸ್ವಲ್ಪ ಜಾಸ್ತಿ ಆತಲ್ಲ?" ಎಂದು ಹೊರಟುಹೋದರು.

ಇದೆಲ್ಲ ನಾಲ್ಕು ವರ್ಷದ ಹಿಂದಿನ ಮಾತು. ಈಗ ದಿನಕ್ಕೆ ಐದು ಸೇರು ಶೇಂಗಾ, ಎಂಬತ್ತು ಎಲೆ ಊಟ. ಹತ್ತಿಯ ಸುಗ್ಗಿಯಲ್ಲಿ ನೂರಿಪ್ಪತ್ತು. ಅರೆಯುವವರು ಇಂದಿಗೂ ಒಬ್ಬರೇ. ಅರೆದರೆದು ಜಡ್ಡುಗಟ್ಟಿದ ಅಂಗೈ ತೋರಿಸಿ ಎಂದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ.

ನನ್ನ ಮುಂದೆಯೂ ಮುತ್ತುಗದ ಎಲೆ ಬರುತ್ತದೆ. ಬೆಂದ ಅಲಸಂದಿಕಾಯಿ, ಕೋಸು, ಮೊಳಕೆ ಹೆಸರು, ಹಸಿ ಸೌತೆಕಾಯಿ. ಬಟ್ಟೆಯಲ್ಲಿ ಬಿಗಿದು ಬೇಯಿಸಿ ಬಿಲ್ಲೆಯಾಗಿ ಕೊಯ್ದ ಅನ್ನ. ಮೇಲೆ ಬೆಚ್ಚಗಿನ ಗೊಜ್ಜು. ಮೊದಲ ತುತ್ತಿಗೆ ಇದು ನಮ್ಮ ಚಟ್ನಿಯೇ ಅಲ್ಲವೇ ಎನಿಸುತ್ತದೆ. ಎರಡನೆಯದಕ್ಕೆ ಹುಳಿ, ಅದರ ಬೆನ್ನಿಗೆ ಸಿಹಿ, ಗಂಟಲಿಳಿಯುವಾಗ ಖಾರ, ಎಲ್ಲ ಮುಗಿದ ಮೇಲೆ ಮೂಗಿಗೆ ನಿಂಬೆ ಎಲೆ. ಮೂರನೆಯ ತುತ್ತಿನಿಂದ ನಾನು ಯೋಚಿಸುವುದನ್ನು ಬಿಟ್ಟು ಉಣ್ಣುತ್ತೇನೆ. ಇನ್ನೊಂದು ಎಲೆ ಕೇಳುತ್ತೇನೆ.

ಇನ್ನೇನು ಆಸೆ ಇದೆ ಎಂದು ಕೇಳಿದಾಗ ಅವರು ಕೌತಾಳಂ ಕಡೆಗೆ ಕೈ ತೋರಿಸುತ್ತಾರೆ. ಅದು ಅವರ ತವರು. ತಾಯಿ ಗಿಡ್ಡಮ್ಮ ಅಲ್ಲಿದ್ದಾರೆ.

"ಊರೆಲ್ಲ ಉಂಡೈತ್ರಿ, ನಮ್ಮವ್ವ ಇನ್ನೂ ಬಾಯಿಗೆ ಇಟ್ಟಿಲ್ಲ. ನಾಕು ಸಲ ಬಸ್ಸಿನಾಗ ಗಡಿಗಿ ಹೊತ್ತು ಒಯ್ದೆ. ನಾಕು ಸಲಾನೂ ಎಮ್ಮಿಗೆ ಹಾಕ್ಯಾಳ. ಎಮ್ಮಿ ಮಾತ್ರ ಒಂಚೂರೂ ಬಿಡದಂಗ ತಿಂದೈತಿ." ಹೇಳುತ್ತ ಎದ್ದು ಸೆರಗು ಬಿಗಿಯುತ್ತಾರೆ. "ನಾಳೆ ಮತ್ತ ಹೋಗ್ತೀನ್ರಿ. ಈ ಸಲ ಎಮ್ಮಿ ಮೇಯಾಕ ಹೋಗಿರೋ ಹೊತ್ತು ನೋಡಿಕೊಂಡು ಹೋಗ್ತೀನಿ."